ಮಳೆ ಬಿಟ್ಟ ಮೇಲೆ ಹಿತ್ತಲು: ಹಳೆ ಸಾಮಾನು, ಹಕ್ಕಿ-ಚಿಟ್ಟೆ, ಜೊತೆಗೊಂದು ಲೋಟ ಕಷಾಯ

ಮಾರ್ನೆಮಿಯ, ಅಂದರೆ ನವರಾತ್ರಿಯ, ತಾಸೆ ವಾದ್ಯದ ಸದ್ದು ನಿಂತು ಒಂದು ವಾರ ಆಗುವಾಗ ನಮ್ಮ ಉಡುಪಿ ಕಡೆ ಗಾಳಿ ಬದಲಾಗುತ್ತದೆ. ಬೆಳಿಗ್ಗೆ ಬಾಗಿಲು ತೆಗೆದರೆ ಪಾರಿಜಾತ ಉದುರಿದ ಅಂಗಳ, ಹುಲ್ಲಿನ ಮೇಲೆ ಇಬ್ಬನಿ, ಜೇಡನ ಬಲೆಯಲ್ಲಿ ನೀರಿನ ಹನಿ. ಮಧ್ಯಾಹ್ನ ಚುರುಕು ಬಿಸಿಲು. ಸಂಜೆ ಒಮ್ಮೊಮ್ಮೆ ಗುಡುಗು, ಒಂದು ಸುತ್ತು ಮಳೆ, ಮತ್ತೆ ತಿಳಿ ಆಕಾಶ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಕರಾವಳಿ ನಮ್ಮದು. ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ನಾಲ್ಕು ತಿಂಗಳು ಕಿಟಕಿಯಿಂದಲೇ ನೋಡಿದ ಹಿತ್ತಲಿಗೆ ಈಗ ಇಳಿಯಬಹುದು.

ತುಳುವಿನ ಬೊಂತ್ಯೋಲು ಮತ್ತು ಜಾರ್ದೆ, ಅಂದರೆ ಅಕ್ಟೋಬರ್ ನಡುವಿನಿಂದ ಡಿಸೆಂಬರ್ ನಡುವಿನ ತನಕದ ಎರಡು ತಿಂಗಳು, ನನಗೆ ವರ್ಷದಲ್ಲೇ ತುಂಬ ಇಷ್ಟದ ಕಾಲ. ಈ ಎರಡು ತಿಂಗಳಲ್ಲಿ ಹಿತ್ತಲನ್ನು ಹೇಗೆ ಸಜ್ಜು ಮಾಡಬಹುದು ಎಂದು ಇಲ್ಲಿ ಹೇಳುತ್ತೇನೆ. ನಾನು ಇಟ್ಟುಕೊಂಡ ಲೆಕ್ಕ ಒಂದೇ. ಹಿತ್ತಲಿಗೆ ತರುವ ಹಳೆ ಸಾಮಾನು ಯಾರಿಗಾದರೂ ಉಪಯೋಗಕ್ಕೆ ಬರಬೇಕು. ಹಕ್ಕಿಗೆ, ಕಪ್ಪೆಗೆ, ಮುಜಂಟಿ ಜೇನಿಗೆ, ಇಲ್ಲಾ ಲೋಟ ಹಿಡಿದು ಕೂರುವ ನಮಗೆ. ಸುಮ್ನೆ ಚಂದಕ್ಕೆ ಅಂತ ತಂದದ್ದು ಮುಂದಿನ ಮಳೆಗಾಲಕ್ಕೆ ಸೊಳ್ಳೆ ಗೂಡಾಗುತ್ತದೆ, ಅಷ್ಟೆ.

ಮೊದಲ ವಾರ: ನೋಡಿ, ಆಮೇಲೆ ಹಿಡಿಸೂಡಿ ಹಿಡಿಯಿರಿ

ಮಳೆ ಬಿಟ್ಟ ತಕ್ಷಣ ಎಲ್ಲವನ್ನೂ ಕೆರೆದು ಗುಡಿಸಿ ಚೊಕ್ಕ ಮಾಡಬೇಕು ಅಂತ ಕೈ ತುರಿಸುತ್ತದೆ. ಒಂದು ವಾರ ತಡೆಯಿರಿ. ಬೆಳಿಗ್ಗೆ ಏಳು ಗಂಟೆಗೆ, ಸಂಜೆ ಐದಕ್ಕೆ ಹತ್ತು ನಿಮಿಷ ಹಿತ್ತಲಲ್ಲಿ ನಿಂತು ನೋಡಿ. ಬಿಸಿಲು ಎಲ್ಲಿ ಬೀಳುತ್ತದೆ, ಯಾವ ಮೂಲೆ ತಂಪಾಗಿದೆ, ಯಾವ ಗಿಡಕ್ಕೆ ಚಿಟ್ಟೆ ಬರುತ್ತದೆ, ಕಪ್ಪೆ ಎಲ್ಲಿ ಕೂರುತ್ತದೆ. ಮುಂದೆ ಯಾವ ಸಾಮಾನು ಎಲ್ಲಿಡಬೇಕು ಎಂಬುದು ಈ ಒಂದು ವಾರದಲ್ಲೇ ತಿಳಿಯುತ್ತದೆ.

ತಕ್ಷಣ ಮಾಡಬೇಕಾದ ಕೆಲಸ ಎರಡಿದೆ. ಒಂದು, ನಾವು ನಡೆಯುವ ದಾರಿಯ ಪಾಚಿ. ಮುರಕಲ್ಲಿನ ಮೆಟ್ಟಿಲು, ಬಾವಿಕಟ್ಟೆ, ಬಟ್ಟೆ ಒಗೆಯುವ ಕಲ್ಲಿನ ಸುತ್ತ ಗಟ್ಟಿ ಬ್ರಶ್‌ನಲ್ಲಿ ತಿಕ್ಕಿ ತೆಗೆಯಿರಿ. ಮನೆಯಲ್ಲಿ ವಯಸ್ಸಾದವರಿದ್ದರೆ ಇದು ಮೊದಲ ದಿನದ ಕೆಲಸ. ಕಂಪೌಂಡ್ ಗೋಡೆಯ ಪಾಚಿ ಹಾಗೇ ಇರಲಿ, ಅದರಿಂದ ಯಾರೂ ಜಾರುವುದಿಲ್ಲ.

ಎರಡು, ನಿಂತ ನೀರು. ಅಡಿಕೆ ಹಾಳೆ, ತೆಂಗಿನ ಗೆರಟೆ, ಒಡೆದ ಬಕೆಟ್, ಹೂಕುಂಡದ ಕೆಳಗಿನ ತಟ್ಟೆ, ಎಲ್ಲವನ್ನೂ ಕವುಚಿ ಹಾಕಿ. 2019ರಲ್ಲಿ ಮಂಗಳೂರಿನಲ್ಲಿ ಡೆಂಗಿ ಹೇಗೆ ಹಬ್ಬಿತು ಎಂದು ನಾವೆಲ್ಲ ಕಂಡಿದ್ದೇವೆ. ಆ ಸೊಳ್ಳೆಯ ಮೊಟ್ಟೆ ಪಾತ್ರೆಯ ಒಳಗೋಡೆಗೆ ಅಂಟಿಕೊಂಡಿರುತ್ತದೆ. ನೀರು ಚೆಲ್ಲಿದರೂ ಒಣಗಿ ತಿಂಗಳುಗಟ್ಟಲೆ ಉಳಿಯುತ್ತದೆ. ಮತ್ತೆ ನೀರು ತಾಗಿದರೆ ಮರಿಯಾಗುತ್ತದೆ. ಹಾಗಾಗಿ ಚೆಲ್ಲಿದರೆ ಸಾಲದು, ಒಳಗೆ ತಿಕ್ಕಿ ತೊಳೆಯಬೇಕು.

ತರಗೆಲೆ ಬಗ್ಗೆ ಒಂದು ಮಾತು. ಮಲ್ಲಿಗೆಗೂ ಬಸಳೆಗೂ ತರಗೆಲೆ, ಮಣ್ಣು ಒಟ್ಟಿಗೆ ಸುಟ್ಟು ಸುಡುಮಣ್ಣು ಮಾಡುವ ಅಭ್ಯಾಸ ನಮ್ಮಲ್ಲಿದೆ. ಬೇಕಾದಷ್ಟು ಮಾಡಿ. ಆದರೆ ಹಲಸು, ಮಾವಿನ ಬುಡದಲ್ಲಿ ಒಂದು ಗೇಣು ದಪ್ಪ ತರಗೆಲೆ ಬಿಡಿ. ಅದು ಯಾರಿಗಾಗಿ ಎಂದು ಮುಂದೆ ಹೇಳುತ್ತೇನೆ.

ಹಳೆ ಸಾಮಾನು ಎಲ್ಲಿ ಹುಡುಕುವುದು

ಮೊದಲು ನಿಮ್ಮ ಮನೆಯ ಅಟ್ಟ, ದನದ ಹಟ್ಟಿ, ಸೌದೆ ಕೊಟ್ಟಿಗೆ ನೋಡಿ. ಆಮೇಲೆ ಅಜ್ಜನ ಮನೆ. ನಮ್ಮ ದೊಡ್ಡಮ್ಮನ ಮನೆಯ ಹಟ್ಟಿಯ ಹಿಂದೆ ಕಲ್ಲಿನ ಮರಿಗೆಯೊಂದು ಮಣ್ಣಿನಲ್ಲಿ ಅರ್ಧ ಹೂತು ಹೋಗಿತ್ತು. ದನಗಳಿಗೆ ಅಕ್ಕಚ್ಚು ಕೊಡುತ್ತಿದ್ದ ಮರಿಗೆ. ಕೇಳಿದರೆ ಕೊಡುತ್ತಾರೋ ಇಲ್ಲವೋ ಅಂತ ಹಿಂಜರಿಯುತ್ತಿದ್ದೆ. "ಕೊಂಡು ಹೋಗು ಮಾರಾಯ್ತಿ, ಇಲ್ಲಿ ಕುಡಿಯಲಿಕ್ಕೆ ದನ ಎಲ್ಲುಂಟು?" ಅಂದರು. ಎತ್ತಲು ನಾಲ್ಕು ಜನ ಬೇಕಾದರು.

ಮಳೆ ಬಿಟ್ಟ ಮೇಲೆ ಊರಲ್ಲಿ ಹಳೆ ಮನೆ ಕೆಡವುವ ಕೆಲಸ ಶುರುವಾಗುತ್ತದೆ. ಹೆಂಚು, ಹಲಸಿನ ಮರದ ಬಾಗಿಲು, ಕಿಟಕಿ, ಬಾವಿಯ ರಾಟೆ ಆಗ ಸಿಗುತ್ತವೆ. ಮನೆಯವರ ಹತ್ತಿರವೇ ಹೋಗಿ ಕೇಳುವುದು ಒಳ್ಳೆಯದು. ಗುಜರಿ ಅಂಗಡಿಗೆ ಹೋಗುವುದಾದರೆ ಬೆಳಿಗ್ಗೆ ಹೋಗಿ. ಹಿತ್ತಾಳೆ, ತಾಮ್ರವನ್ನು ಅವರು ತೂಕದ ಲೆಕ್ಕದಲ್ಲಿ ಕೊಡುತ್ತಾರೆ. ಕಲ್ಲು, ಮರ, ಭರಣಿಗೆ ಮಾತಾಡಿ ರೇಟು ಇಳಿಸಬಹುದು.

ಜೇಬಲ್ಲಿ ಒಂದು ಸಣ್ಣ ಅಯಸ್ಕಾಂತ ಇಟ್ಟುಕೊಳ್ಳಿ. ನನಗೆ ಈ ಬುದ್ಧಿ ಬಂದದ್ದು ದುಡ್ಡು ಕಳೆದುಕೊಂಡ ಮೇಲೆ. ಒಂದು ಅಂಗಡಿಯಲ್ಲಿ ಹಳೆ ತಾಮ್ರದ ಹಂಡೆ ಅಂತ ಹೇಳಿ ಕೊಟ್ಟರು. ಬಣ್ಣ, ಹೊಳಪು ಎಲ್ಲ ಸರಿಯಿತ್ತು. ಎರಡು ಮಳೆಗೆ ಬುಡದಲ್ಲಿ ತುಕ್ಕು ಕಾಣಿಸಿತು. ಅಯಸ್ಕಾಂತ ಹಿಡಿದರೆ ಪಟಕ್ಕನೆ ಕಚ್ಚಿತು. ಕಬ್ಬಿಣದ ಮೇಲೆ ತಾಮ್ರದ ಬಣ್ಣ ಬಳಿದಿದ್ದರು. ತಾಮ್ರಕ್ಕೂ ಹಿತ್ತಾಳೆಗೂ ಅಯಸ್ಕಾಂತ ಕಚ್ಚುವುದಿಲ್ಲ. ಇಷ್ಟು ನೋಡಿದರೆ ಅರ್ಧ ಮೋಸ ತಪ್ಪುತ್ತದೆ.

ಹೆಂಚಿಗೆ ಬೇರೆ ಪರೀಕ್ಷೆ. ಒಂದು ಕೈಯಲ್ಲಿ ಎತ್ತಿ ಹಿಡಿದು ಬೆರಳಿನ ಗೆಣ್ಣಿನಿಂದ ತಟ್ಟಿ. ಗಟ್ಟಿ ಹೆಂಚು ಟಣ್ ಅನ್ನುತ್ತದೆ. ಬಿರುಕು ಬಿಟ್ಟದ್ದು ಡಬ್ ಅನ್ನುತ್ತದೆ. ಹೆಂಚನ್ನು ಕವುಚಿ ಬೆನ್ನಿನ ಅಚ್ಚು ಓದಿ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್‌ನವರು ಮಂಗಳೂರಿನ ನೇತ್ರಾವತಿ ದಡದ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ್ದು 1865ರಲ್ಲಿ. ಆ ಇಸವಿ ಕೆಲವು ಹೆಂಚಿನ ಮೇಲೆ ಇರುತ್ತದೆ. ಅದು ಕಾರ್ಖಾನೆ ಶುರುವಾದ ವರ್ಷ, ಆ ಹೆಂಚು ಸುಟ್ಟ ವರ್ಷ ಅಲ್ಲ. ಅದನ್ನು ತೋರಿಸಿ "ನೂರೈವತ್ತು ವರ್ಷ ಹಳೆಯದು" ಅಂತ ಯಾರಾದರೂ ಜಾಸ್ತಿ ಕೇಳಿದರೆ ನಂಬಬೇಡಿ.

ತರಬಾರದ ಸಾಮಾನೂ ಇದೆ. ದೈವಸ್ಥಾನ, ದೇವಸ್ಥಾನದ ಯಾವ ವಸ್ತುವೂ ಹಿತ್ತಲಿಗೆ ಬೇಡ. ನೂರು ವರ್ಷ ದಾಟಿದ ವಿಗ್ರಹ, ಕೆತ್ತನೆಗಳಿಗೆ 1972ರ ಪುರಾತನ ವಸ್ತುಗಳ ಕಾಯ್ದೆ ಇದೆ. ಜಿಂಕೆ ಕೊಂಬು, ಕಡವೆ ಕೊಂಬು ಕೊಳ್ಳುವುದು ಅದೇ ವರ್ಷದ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅಪರಾಧ. ಹಳೆ ಹಕ್ಕಿ ಪಂಜರ ಸಿಕ್ಕಿದರೆ ಬಾಗಿಲು ಕಿತ್ತು ಒಳಗೆ ಬಳ್ಳಿ ಹಬ್ಬಿಸಿ. ನಮ್ಮ ಊರಿನ ಗಿಳಿಯನ್ನು ಪಂಜರದಲ್ಲಿ ಸಾಕುವುದಕ್ಕೂ ಕಾನೂನಿನಲ್ಲಿ ಅವಕಾಶ ಇಲ್ಲ.

ಹಳೆ ಸಾಮಾನು ಅದರ ಜಾಗದಲ್ಲೇ ಇದ್ದರೆ ಹೇಗೆ ಕಾಣುತ್ತದೆ ಎಂದು ನೋಡಬೇಕಾದರೆ ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಕಟ್ಟಿದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್‌ಗೆ ಒಮ್ಮೆ ಹೋಗಿ ಬನ್ನಿ. ಮಂಗಳೂರಿನವರಿಗೆ ಪಿಲಿಕುಳದ ಗುತ್ತಿನ ಮನೆ (ತುಳುನಾಡಿನ ಹಳೆ ದೊಡ್ಡ ಮನೆಯ ಮಾದರಿ) ಹತ್ತಿರ. ಅಲ್ಲಿ ಜಗಲಿ, ಅಂಗಳ, ಒರಳು, ಹಂಡೆ ಯಾವುದರ ಪಕ್ಕ ಯಾವುದು ಇದೆ ಎಂದು ಗಮನಿಸಿ.

ಕಡೆಯುವ ಕಲ್ಲಿನಲ್ಲಿ ಹಕ್ಕಿಗೆ ಸ್ನಾನ

ಗ್ರೈಂಡರ್ ಬಂದ ಮೇಲೆ ಎಷ್ಟೋ ಮನೆಗಳಲ್ಲಿ ಕಡೆಯುವ ಕಲ್ಲು ಬಚ್ಚಲಿನ ಹಿಂದೆ ಬಿದ್ದಿದೆ. ಅದು ಹಕ್ಕಿಗಳಿಗೆ ಹೇಳಿ ಮಾಡಿಸಿದ ಹಾಗಿರುತ್ತದೆ. ಅಗಲ ಅಂಚು, ಒರಟು ಕಲ್ಲು, ಕಾಲು ಜಾರುವುದಿಲ್ಲ. ಒಂದೇ ತೊಂದರೆ, ಗುಂಡಿ ಜಾಸ್ತಿ ಆಳ. ಸಣ್ಣ ಹಕ್ಕಿ ಬಿದ್ದರೆ ಮೇಲೆ ಬರಲು ಕಷ್ಟ.

ಹೀಗೆ ಮಾಡಿ. ಕಲ್ಲನ್ನು ಸಾಬೂನು ಇಲ್ಲದೆ ತೆಂಗಿನ ನಾರಿನಿಂದ ತಿಕ್ಕಿ ತೊಳೆಯಿರಿ. ಗುಂಡಿಯೊಳಗೆ ಹೊಳೆಕಲ್ಲು ತುಂಬಿಸುತ್ತಾ ಬನ್ನಿ. ಮೇಲೆ ಒಂದರಿಂದ ಎರಡು ಇಂಚು ನೀರು ನಿಲ್ಲುವಷ್ಟು ಜಾಗ ಉಳಿಯಲಿ. ಕಲ್ಲನ್ನು ಬೆಳಗ್ಗಿನ ಬಿಸಿಲು, ಮಧ್ಯಾಹ್ನದ ನೆರಳು ಇರುವ ಕಡೆ ಇಡಿ. ಪೊದೆಗೆ ತೀರಾ ಅಂಟಿ ಇಟ್ಟರೆ ಬೆಕ್ಕು ಹೊಂಚು ಹಾಕುತ್ತದೆ. ತೀರಾ ಬಯಲಲ್ಲಿ ಇಟ್ಟರೆ ಹಕ್ಕಿಗೆ ಧೈರ್ಯ ಬರುವುದಿಲ್ಲ. ಆರೇಳು ಅಡಿ ದೂರ ಸರಿ. ಗುಂಡುಕಲ್ಲನ್ನು ಪಕ್ಕದಲ್ಲೇ ಅರ್ಧ ಹೂತಿಡಿ, ಕೂರಲು ಆಗುತ್ತದೆ. ಎರಡು ದಿನಕ್ಕೊಮ್ಮೆ ನೀರು ಚೆಲ್ಲಿ ತಿಕ್ಕಿ ಹೊಸ ನೀರು ಹಾಕಿ. ಕೊಳಕು ನೀರಿನಿಂದ ಹಕ್ಕಿಗಳಿಗೆ ರೋಗ ಹರಡುತ್ತದೆ. ತಿಕ್ಕಲು ಪುರುಸೊತ್ತಿಲ್ಲ ಅನ್ನುವವರು ಇಡದಿರುವುದೇ ಮೇಲು.

ನಮ್ಮಲ್ಲಿ ಕಲ್ಲಿಟ್ಟು ಒಂಬತ್ತು ದಿನ ಯಾರೂ ಬರಲಿಲ್ಲ. ಹತ್ತನೇ ದಿನ ಸಂಜೆ ಮಡಿವಾಳ ಹಕ್ಕಿ ಬಂತು. ಮೊದಲು ಗುಂಡುಕಲ್ಲಿನ ಮೇಲೆ ಕೂತು ಬಾಲ ಎತ್ತಿ ಇಳಿಸಿ ಸುತ್ತ ನೋಡಿತು. ಆಮೇಲೆ ಅಂಚಿಗೆ ಹಾರಿತು. ಒಂದು ಕಾಲು ನೀರಿಗಿಟ್ಟು ತೆಗೆಯಿತು. ಮತ್ತೆ ಇಟ್ಟಿತು. ಎದೆ ಮುಳುಗಿಸಿ ರೆಕ್ಕೆ ಬಡಿದು ಅರ್ಧ ನೀರು ಹೊರಗೆ ಚೆಲ್ಲಿತು. ಒದ್ದೆಯಾದ ಮೇಲೆ ಅದು ಎಷ್ಟು ಪುಟ್ಟದು ಎಂದು ಗೊತ್ತಾಗುತ್ತದೆ, ಒಂದು ಹಿಡಿ ಕಪ್ಪು-ಬಿಳಿ ಗರಿ, ಅಷ್ಟೇ. ಅಜ್ಜಿ ವರ್ಷಗಟ್ಟಲೆ ದೋಸೆ ಹಿಟ್ಟು ಕಡೆದ ಕಲ್ಲು ಅದು. ಈಗ ದಿನಾ ಸಂಜೆ ಅದಕ್ಕೆ ಗಿರಾಕಿ ಇದೆ.

ಹಕ್ಕಿಗೆ ಬ್ರೆಡ್, ಬಿಸ್ಕೆಟ್, ಉಪ್ಪು ಹಾಕಿದ ತಿಂಡಿ ಕೊಡಬೇಡಿ. ಪಪ್ಪಾಯಿ ಮರದ ತುದಿಯ ಎರಡು ಹಣ್ಣು, ಬಾಳೆಗೊನೆಯ ಕೊನೆಯ ಚಿಪ್ಪು ಅವಕ್ಕೆ ಬಿಡಿ. ಪಿಕಳಾರಕ್ಕೆ ಕೇಪುಳದ ಹಣ್ಣು ಇಷ್ಟ, ಸೂರಕ್ಕಿಗೆ ದಾಸವಾಳ, ಬಾಳೆ ಹೂವಿನ ಮಕರಂದ. ಹೊರಗಿನ ಮಾಡಿನ ಅಂಚಿನ ಜೇಡನ ಬಲೆಯನ್ನು ಪೂರ್ತಿ ಗುಡಿಸಬೇಡಿ. ಸೂರಕ್ಕಿ ಗೂಡು ಕಟ್ಟುವಾಗ ನಾರು, ಒಣ ಎಲೆಯನ್ನು ಆ ಎಳೆಯಿಂದಲೇ ಬಿಗಿಯುತ್ತದೆ.

ತರಗೆಲೆಗೆ ಬರುವ ಅತಿಥಿ

ಅಕ್ಟೋಬರ್ ಹೊತ್ತಿಗೆ ಉತ್ತರದಿಂದ ನವರಂಗ ಹಕ್ಕಿ ಬರುತ್ತದೆ. ಮೈಯಲ್ಲಿ ಹಸಿರು, ನೀಲಿ, ಕಂದು, ಕಪ್ಪು, ಬಿಳಿ, ಹೊಟ್ಟೆಯ ಕೆಳಗೆ ಕಡುಕೆಂಪು. ಇಷ್ಟು ಬಣ್ಣ ಇದ್ದರೂ ಕಣ್ಣಿಗೆ ಬೀಳುವುದು ಕಷ್ಟ. ನೆಲದಲ್ಲೇ ಕುಪ್ಪಳಿಸುತ್ತಾ ತರಗೆಲೆ ಮಗುಚಿ ಹುಳ ಹೆಕ್ಕುತ್ತದೆ. ಮುಸ್ಸಂಜೆಗೆ ಎರಡು ಸ್ವರದ ಸಿಳ್ಳೆ ಕೇಳಿದರೆ ಅದು ಬಂದಿದೆ ಅಂತ ಲೆಕ್ಕ. ಆ ಒಂದು ಗೇಣು ತರಗೆಲೆ ಬಿಡಿ ಅಂದದ್ದು ಇದಕ್ಕೇ.

ರಾತ್ರಿ ಹಾರಿ ಬಂದು ಸುಸ್ತಾದ ನವರಂಗ ಕೆಲವು ಸಲ ಕಿಟಕಿ ಗಾಜಿಗೆ ಬಡಿದು ಜಗಲಿಯಲ್ಲಿ ಬಿದ್ದಿರುತ್ತದೆ. ಗಾಬರಿ ಬೇಡ. ರಟ್ಟಿನ ಡಬ್ಬಕ್ಕೆ ನಾಲ್ಕು ತೂತು ಮಾಡಿ, ಒಳಗೆ ಹಳೆ ಬಟ್ಟೆ ಹಾಸಿ, ಮೆಲ್ಲ ಎತ್ತಿ ಇಡಿ. ಮುಚ್ಚಿ ಕತ್ತಲೆ, ಸದ್ದಿಲ್ಲದ ಕೋಣೆಯಲ್ಲಿ ಬಿಡಿ. ಬಾಯಿಗೆ ನೀರು ಬಿಡುವುದು, ಅನ್ನ ತುರುಕುವುದು ಮಾಡಬೇಡಿ. ಒಂದೆರಡು ಗಂಟೆ ಬಿಟ್ಟು ಗಿಡದ ಹತ್ತಿರ ಡಬ್ಬ ತೆರೆದರೆ ಹೆಚ್ಚಿನವು ಹಾರಿ ಹೋಗುತ್ತವೆ. ರೆಕ್ಕೆ ಜೋತು ಬಿದ್ದಿದ್ದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ.

ದೀಪಾವಳಿಯ ಪಟಾಕಿಯನ್ನು ಮರದ ಬುಡದಲ್ಲಿ ಹೊಡೆಯಬೇಡಿ ಎಂದು ಮಕ್ಕಳಿಗೆ ಮೊದಲೇ ಹೇಳಿಡಿ. ಹಿತ್ತಲಿಗೆ ಹಣತೆ, ಹಳೆ ಲಾಟೀನು ಸಾಕು. ರಾತ್ರಿಯಿಡೀ ಲೈಟು ಉರಿಸಿದರೆ ಪತಂಗಗಳು ಅದಕ್ಕೇ ಸುತ್ತಿ ಸಾಯುತ್ತವೆ.

ಕಲ್ಲಿನ ಮರಿಗೆಗೆ ನೈದಿಲೆ

ಮರಿಗೆ ಸಿಕ್ಕಿದವರು ಅದೃಷ್ಟವಂತರು. ಅಡಿಯಲ್ಲಿ ನಾಲ್ಕು ಇಂಚು ಗದ್ದೆ ಮಣ್ಣು, ಅದರ ಮೇಲೆ ಒಂದು ಇಂಚು ಮರಳು, ಒಂದು ನೈದಿಲೆ ಗಡ್ಡೆ. ನೀರು ಮೆಲ್ಲ ತುಂಬಿಸಿ. ಎರಡು ವಾರ ಕಲಕಿದ ಹಾಗೆ ಕಾಣುತ್ತದೆ, ಆಮೇಲೆ ತಿಳಿಯಾಗುತ್ತದೆ.

ಸೊಳ್ಳೆ ಮರಿ ತಿನ್ನಲು ಮೀನು ಬೇಕು. ಅಂಗಡಿಯ ಗಪ್ಪಿ ಆಗುತ್ತದೆ, ಆದರೆ ಅದನ್ನು ಮುಂದೆ ತೋಡಿಗೋ ಕೆರೆಗೋ ಬಿಡಬಾರದು, ಊರಿನ ಮೀನಿಗೆ ಉಪದ್ರ. ನನಗೆ ಇಷ್ಟ ನಮ್ಮ ಗದ್ದೆ ತೋಡಿನ ಪುಟ್ಟ ಮೀನು. ನೀರಿನ ಮೇಲ್ಭಾಗದಲ್ಲೇ ಓಡಾಡುವ, ತಲೆಯ ಮೇಲೆ ಬೆಳ್ಳಿ ಚುಕ್ಕೆ ಮಿನುಗುವ ಮೀನು. ಗದ್ದೆಯ ನೀರು ಇಳಿಯುವ ಈ ಕಾಲದಲ್ಲಿ ಬೈರಾಸಿನಲ್ಲೂ (ಟವೆಲಿನಲ್ಲೂ) ಹಿಡಿಯಬಹುದು. ನಾಲ್ಕು ಸಾಕು.

ತಾಮ್ರದ ಹಂಡೆಯಲ್ಲಿ ಮೀನು, ಗೊದಮೊಟ್ಟೆ ಬಿಡಬೇಡಿ. ತಾಮ್ರ ನೀರಿಗೆ ಇಳಿದು ಅವು ಸಾಯುತ್ತವೆ. ತಳ ತೂತಾದ ಹಂಡೆ ಗೊಂಡೆ ಹೂವಿಗೂ ಗೋರಂಟೆಗೂ ಒಳ್ಳೆಯ ಕುಂಡ. ತೂತಿಲ್ಲದ ಒಳ್ಳೆ ಹಂಡೆಯಾದರೆ ಗಿಡಕ್ಕೆ ಹಾಕಲೇಬೇಡಿ. ನರಕ ಚತುರ್ದಶಿಯ ಮುನ್ನಾ ದಿನ ನೀರು ತುಂಬಿಸಲು, ಎಣ್ಣೆ ಸ್ನಾನಕ್ಕೆ ನೀರು ಕಾಯಿಸಲು ಇಡಿ.

ಮರಿಗೆಯ ಒಳಗಿಂದ ಅಂಚಿನ ತನಕ ಒಂದು ಕೋಲು ಓರೆಯಾಗಿ ಇಡಲು ಮರೆಯಬೇಡಿ. ನೀರಿಗೆ ಬಿದ್ದ ಅರಣೆ, ಅಳಿಲು ಮರಿ ಹತ್ತಿ ಬರಲು ಅದೇ ದಾರಿ.

ಹೆಂಚು, ಮಡಕೆ, ಬಾಗಿಲು

ಎರಡು ಹೆಂಚನ್ನು ಗುಡಾರದ ಹಾಗೆ ಓರೆ ನಿಲ್ಲಿಸಿ ತಂಪು ಮೂಲೆಯಲ್ಲಿ ಇಟ್ಟರೆ ಕಪ್ಪೆಗೆ ಮನೆ ಆಯಿತು. ನೆಲ ಒದ್ದೆಯಿರಲಿ. ಮಳೆ ನಿಂತು ನೆಲ ಒಣಗುತ್ತಾ ಬಂದ ಹಾಗೆ ಕಪ್ಪೆಗೆ ಬೇಕಾದದ್ದು ಇದೇ.

ಉಳಿದ ಹೆಂಚನ್ನು ಮನೆಯ ಗೋಡೆಗೆ ತಾಗಿಸಿ ಪೇರಿಸಬೇಡಿ. ದೂರದಲ್ಲಿ, ಎರಡು ಕಲ್ಲಿನ ಮೇಲೆ ಎತ್ತರಿಸಿ ಇಡಿ. ತೆಗೆಯುವಾಗ ಮೊದಲು ಕೋಲಿನಿಂದ ತಟ್ಟಿ, ಕೈಗವಸು ಹಾಕಿ, ನಿಮ್ಮ ಕಡೆಯ ಅಂಚು ನೆಲದಲ್ಲೇ ಇದ್ದು ಆಚೆ ಅಂಚು ಮೇಲೇಳುವ ಹಾಗೆ ಎತ್ತಿ. ಆಗ ಒಳಗಿದ್ದದ್ದು ಆ ಕಡೆಗೆ ಓಡುತ್ತದೆ. ನಾನು ಬರಿಗೈಯಲ್ಲಿ ಎತ್ತಿ ಚೇಳಿನಿಂದ ಕುಟುಕಿಸಿಕೊಂಡು ಒಂದು ರಾತ್ರಿ ನಿದ್ದೆ ಇಲ್ಲದೆ ಒದ್ದಾಡಿದ್ದೇನೆ. ಕೇರೆ ಹಾವು ಕಂಡರೆ ಹೋಗಲು ಬಿಡಿ, ಇಲಿ ಹಿಡಿಯುವುದು ಅದೇ. ನಾಗರವೋ ಕೊಳಕುಮಂಡಲವೋ ಮನೆ ಹತ್ತಿರ ಬಂದರೆ ಊರಿನ ಹಾವು ಹಿಡಿಯುವವರನ್ನು ಕರೆಯಿರಿ. ಕಚ್ಚಿದರೆ ಹಗ್ಗ ಬಿಗಿಯುವುದು, ಕೊಯ್ಯುವುದು, ಮದ್ದು ಅರೆದು ಹಚ್ಚುವುದು ಬೇಡ. ಕಚ್ಚಿದ ಕೈಕಾಲು ಅಲುಗಾಡಿಸದೆ 108ಕ್ಕೆ ಫೋನ್ ಮಾಡಿ ನೇರ ಆಸ್ಪತ್ರೆಗೆ ಹೋಗಿ. ಹಿತ್ತಲ ಪಕ್ಕದಲ್ಲಿ ನಾಗಬನ ಇದ್ದರೆ ಅದರ ಮರ, ಬಳ್ಳಿಗೆ ಕತ್ತಿ ತಾಗಿಸಬೇಡಿ. ಮರ ಕಡಿದು ಕಾಂಕ್ರೀಟ್ ಕಟ್ಟೆ ಮಾಡಿದ ಬನ ನೋಡುವಾಗ ನನಗೆ ಹೊಟ್ಟೆ ಉರಿಯುತ್ತದೆ. ಬನ ಅಂದರೆ ಕಾಡೇ ಅಲ್ವಾ?

ಬಾಯಿ ಸಣ್ಣದಿರುವ ಹಳೆ ಮಣ್ಣಿನ ಮಡಕೆ ಸಿಕ್ಕಿದರೆ ಮುಜಂಟಿಗೆ ಇಡಿ. ಮುಜಂಟಿ ಕುಟುಕುವುದಿಲ್ಲ, ಮಕ್ಕಳಿರುವ ಮನೆಗೂ ಹೆದರಿಕೆ ಇಲ್ಲ. ಮಡಕೆಯ ಒಳಗೆ ಹಳೆ ಮುಜಂಟಿ ಮೇಣ ಸವರಿ, ಬಾಯಿಗೆ ಗೆರಟೆ ಮುಚ್ಚಿ ಮಣ್ಣು ಮೆತ್ತಿ. ಪೆನ್ಸಿಲ್ ದಪ್ಪದ ಒಂದೇ ತೂತು ಸಾಕು. ಮಳೆ, ಬಿಸಿಲು ತಾಗದ ಮಾಡಿನ ಕೆಳಗೆ ತೂಗು ಹಾಕಿ. ಹೊಸ ಕುಟುಂಬ ಜಾಗ ಹುಡುಕುತ್ತಿದ್ದರೆ ಬಂದು ಸೇರುತ್ತದೆ. ಬರುವುದು ಅವುಗಳ ಮರ್ಜಿ. ನಮ್ಮ ಮಡಕೆಗೆ ಎರಡನೇ ವರ್ಷ ಬಂದವು. ತೂತಿನ ಸುತ್ತ ಕಂದು ಮೇಣದ ಪುಟ್ಟ ಕೊಳವೆ ಎದ್ದಿತು, ಅದರ ಬಾಯಲ್ಲಿ ಇರುವೆಯಷ್ಟು ಸಣ್ಣ ಕಾವಲುಗಾರರು ತಲೆ ಹೊರಗಿಟ್ಟು ಕೂತಿದ್ದರು. ಅವಕ್ಕೆ ತುಳಸಿ, ತುಂಬೆ, ತೆಂಗಿನ ಹೂ ಬೇಕು. ನಾಚಿಕೆಮುಳ್ಳನ್ನೂ ಒಂದು ಬದಿಯಲ್ಲಿ ಬಿಡಿ, ತುಡುವೆ ಜೇನು ಅದರ ಪರಾಗಕ್ಕೆ ಬರುತ್ತದೆ.

ಹಲಸಿನ ಬಾಗಿಲು ಸಿಕ್ಕಿದರೆ ಎರಡು ಮುರಕಲ್ಲಿನ ಕಟ್ಟೆ ಮೇಲೆ ಅಡ್ಡ ಹಾಕಿ, ಬೆಂಚು ಆಯಿತು. ಒಂದು ವಾರ ಬಿಸಿಲಿಗೆ ಒಣಗಿಸಿ ಗೆದ್ದಲು ಹಿಡಿಯದ ಹಾಗೆ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಹಚ್ಚಿ. ಗೇರೆಣ್ಣೆ ಕೈಗೆ ತಾಗಿದರೆ ಸುಟ್ಟ ಹಾಗೆ ಗುಳ್ಳೆ ಬರುತ್ತದೆ, ಕೈಗವಸು ಬೇಕೇ ಬೇಕು. ಪೂರ್ತಿ ಒಣಗುವ ತನಕ ಯಾರೂ ಕೂರಬಾರದು. ಹಳೆ ಪೈಂಟ್ ಇದ್ದರೆ ಉಜ್ಜುವಾಗ ಮಾಸ್ಕ್ ಹಾಕಿ, ಅದರಲ್ಲಿ ಸೀಸ ಇರಬಹುದು.

ಚಿಟ್ಟೆಗೆ ಊಟ ಹಾಕುವುದು

ಹೂವಿಗೆ ಚಿಟ್ಟೆ ಬರುತ್ತದೆ, ಆದರೆ ಉಳಿಯುವುದು ಮರಿಹುಳಕ್ಕೆ ಎಲೆ ಸಿಕ್ಕಿದರೆ. ಕರಿಬೇವು, ಲಿಂಬೆ ಗಿಡದಲ್ಲಿ ಹಕ್ಕಿ ಹಿಕ್ಕೆಯ ಹಾಗೆ ಕಾಣುವ ಹುಳ ಇರುತ್ತದೆ, ನೋಡಿದ್ದೀರಾ? ಬೆಳೆದ ಮೇಲೆ ಅದು ಹಸಿರಾಗುತ್ತದೆ. ಅದನ್ನು ಹೆಕ್ಕಿ ಬಿಸಾಡಬೇಡಿ. ಚಿಟ್ಟೆಗೆ ಅಂತಲೇ ಒಂದು ಕರಿಬೇವಿನ ಗಿಡ ಬೇರೆ ನೆಡಿ. ಬೇಲಿ ಬದಿಗೆ ಎಕ್ಕ ಇರಲಿ. ಹೂವಿಗೆ ಕೇಪುಳ, ರಥಪುಷ್ಪ.

ಜಾಗ ಇದ್ದರೆ ಈಶ್ವರಿ ಬಳ್ಳಿ ಹಬ್ಬಿಸಿ. ಕರ್ನಾಟಕದ ರಾಜ್ಯ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಮೊಟ್ಟೆ ಇಡುವುದು ಇದರ ಮೇಲೆ. ರೆಕ್ಕೆ ಬಿಚ್ಚಿದರೆ 14ರಿಂದ 19 ಸೆಂಟಿಮೀಟರ್ ಅಗಲ, ಕಪ್ಪು ಮತ್ತು ಹೊಂಬಣ್ಣ. ರಥಪುಷ್ಪದ ಮೇಲೆ ಅದು ಇಳಿಯುವಾಗ ಸಣ್ಣ ಹಕ್ಕಿ ಇಳಿದ ಹಾಗೆಯೇ. ಈ ಬಳ್ಳಿ ವಿಷದ್ದು, ಮಕ್ಕಳು, ದನ-ಕರು ಬಾಯಿ ಹಾಕದ ಕಡೆ ಇರಲಿ. ಇನ್ನೂ ಜಾಸ್ತಿ ನೋಡಬೇಕು ಅನಿಸಿದರೆ ಮೂಡುಬಿದಿರೆ ಹತ್ತಿರದ ಬೆಳುವಾಯಿಯಲ್ಲಿ ಚಿಟ್ಟೆ ಪಾರ್ಕ್ ಇದೆ.

ಈಗ ಕೂತು ಕುಡಿಯುವುದು

ಬೆಳಿಗ್ಗೆಯ ಇಬ್ಬನಿಗೆ ಕಷಾಯ. ಕೊತ್ತಂಬರಿ ಬೀಜ ಒಂದು ಕಪ್, ಜೀರಿಗೆ ಅರ್ಧ ಕಪ್, ಕಾಳುಮೆಣಸು ಒಂದು ದೊಡ್ಡ ಚಮಚ, ಬಡೆಸೋಂಪು ಒಂದು ದೊಡ್ಡ ಚಮಚ, ಮೆಂತೆ ಒಂದು ಸಣ್ಣ ಚಮಚ, ಆರು ಏಲಕ್ಕಿ, ಹೆಬ್ಬೆರಳಷ್ಟು ಒಣಶುಂಠಿ. ಒಂದೊಂದನ್ನೂ ಬೇರೆ ಬೇರೆಯಾಗಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ. ಒಟ್ಟಿಗೆ ಹಾಕಿದರೆ ಕೊತ್ತಂಬರಿ ಹದ ಆಗುವಾಗ ಮೆಂತೆ ಕರಟಿ ಕಹಿಯಾಗುತ್ತದೆ. ಆರಿದ ಮೇಲೆ ಪುಡಿ ಮಾಡಿ ಬಾಟಲಿಗೆ ಹಾಕಿ. ಒಂದು ಲೋಟ ನೀರಿಗೆ ಒಂದು ಸಣ್ಣ ಚಮಚ ಪುಡಿ, ಬೆಲ್ಲ, ಮಜ್ಜಿಗೆಹುಲ್ಲಿನ (ಲೆಮನ್‌ಗ್ರಾಸ್) ಎರಡು ಎಲೆ ಹಾಕಿ ನಾಲ್ಕು ನಿಮಿಷ ಕುದಿಸಿ. ಒಲೆ ಆರಿಸಿದ ಮೇಲೆ ಬಿಸಿ ಹಾಲು ಸೇರಿಸಿ. ಬೆಲ್ಲದ ಜೊತೆ ಹಾಲು ಕುದಿಸಿದರೆ ಒಡೆಯುತ್ತದೆ.

ಬಾವಿಕಟ್ಟೆಯ ಪಸೆಯಲ್ಲಿ ಈಗ ತಿಮರೆ ದಂಡಿಯಾಗಿ ಹಬ್ಬಿರುತ್ತದೆ, ಘಟ್ಟದ ಮೇಲಿನವರು ಒಂದೆಲಗ ಅನ್ನುತ್ತಾರೆ. ನಾಯಿ-ಬೆಕ್ಕು ಓಡಾಡದ, ಬಚ್ಚಲ ನೀರು ಹರಿಯದ ಕಡೆಯದ್ದನ್ನೇ ಕೊಯ್ಯಿರಿ. ಒಂದು ಹಿಡಿ ಸೊಪ್ಪನ್ನು ಮೂರು ಸಲ ತೊಳೆದು, ಸ್ವಲ್ಪ ತೆಂಗಿನಕಾಯಿ, ಬೆಲ್ಲ, ಏಲಕ್ಕಿ ಹಾಕಿ ಕಡೆದು ಸೋಸಿ ಕುಡಿಯಿರಿ. ಸಿಹಿ ಬೇಡದವರು ಜೀರಿಗೆ, ಕಾಯಿ, ಮಜ್ಜಿಗೆ ಹಾಕಿ ತಂಬುಳಿ ಮಾಡಿ ಲೋಟದಲ್ಲೇ ಕುಡಿಯಬಹುದು.

ಕಾರ್ತಿಕದ ತುಳಸಿ ಪೂಜೆಗೆ ನೆಲ್ಲಿ ಗೆಲ್ಲು ತರುತ್ತೇವಲ್ಲ, ಪೂಜೆ ಮರುದಿನ ಅದರ ಕಾಯಿ ಒಣಗಲು ಬಿಡಬೇಡಿ. ನಾಲ್ಕು ಬೆಟ್ಟದ ನೆಲ್ಲಿ, ಸಣ್ಣ ತುಂಡು ಶುಂಠಿ, ಅರ್ಧ ಹಸಿಮೆಣಸು, ಕರಿಬೇವು, ಉಪ್ಪು ಕಡೆದು ಸೋಸಿ ಎರಡು ಲೋಟ ನೀರು ಮಜ್ಜಿಗೆಗೆ ಬೆರೆಸಿ. ಹಿತ್ತಲ ಕೆಲಸ ಮುಗಿಸಿ ಬೆವರಿ ಬಂದವರಿಗೆ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ.

ಮಧ್ಯಾಹ್ನಕ್ಕೆ ಪುನರ್ಪುಳಿ, ಅಂದರೆ ಮುರುಗಲು (ಕೋಕಮ್). ಹಣ್ಣಿನ ಕಾಲ ಏಪ್ರಿಲ್-ಮೇ. ಆಗ ಒಣಗಿಸಿ ಭರಣಿಯಲ್ಲಿಟ್ಟ ಸಿಪ್ಪೆ ಈಗ ತೆಗೆಯಿರಿ. ಹತ್ತು ಸಿಪ್ಪೆಯನ್ನು ಎರಡು ಲೋಟ ಉಗುರುಬೆಚ್ಚಗಿನ ನೀರಲ್ಲಿ ಅರ್ಧ ಗಂಟೆ ನೆನೆಸಿ ಕಿವುಚಿ ಸೋಸಿ. ಸಕ್ಕರೆ ಇಲ್ಲಾ ಬೆಲ್ಲ, ಚಿಟಿಕೆ ಉಪ್ಪು, ಚಿಟಿಕೆ ಜೀರಿಗೆ ಪುಡಿ. ಗಾಜಿನ ಲೋಟಕ್ಕೆ ಸುರಿದು ಬಿಸಿಲಿಗೆ ಹಿಡಿದರೆ ಆ ಕೆಂಪು ನೋಡಲಿಕ್ಕೇ ಎರಡು ನಿಮಿಷ ಬೇಕು.

ಹಳೆ ತಾಮ್ರದ ಚೊಂಬು, ಹಿತ್ತಾಳೆ ಲೋಟ ಚಂದ ಅಂತ ಪುನರ್ಪುಳಿಯನ್ನೋ ಮಜ್ಜಿಗೆಯನ್ನೋ ಅದರಲ್ಲಿ ಕೊಡಬೇಡಿ. ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆಗೆ ಹುಳಿ ಸೇರಿದರೆ ಲೋಹ ಬಿಟ್ಟುಕೊಂಡು ಹೊಟ್ಟೆ ಕೆಡುತ್ತದೆ. ಅದರಲ್ಲಿ ಬರೀ ನೀರು ಕೊಡಿ. ಹುಳಿಗೆ ಗಾಜು, ಸ್ಟೀಲ್, ಬಿರುಕಿಲ್ಲದ ಭರಣಿ.

ಕಿವುಚಿ ಉಳಿದ ಪುನರ್ಪುಳಿ ಸಿಪ್ಪೆ ಬಿಸಾಡಬೇಡಿ. ಅದಕ್ಕೆ ಸ್ವಲ್ಪ ಉಪ್ಪು ಹಾಕಿ ದೀಪಾವಳಿಯ ಹಂಡೆಯನ್ನು ತಿಕ್ಕಿ. ಕರಿ ಬಿಟ್ಟು ತಾಮ್ರ ಕೆಂಪಗೆ ಹೊಳೆಯುತ್ತದೆ. ತಿಕ್ಕಿದ ನೀರು ಮರಿಗೆಯ ಕಡೆ ಹರಿಯದ ಹಾಗೆ ನೋಡಿಕೊಳ್ಳಿ, ಅಲ್ಲಿ ಮೀನಿದೆ.